ಜೋಡಿ ಜಿಯಾನಾ, ಒಂಟಿ ಎಪಿಕ್ಕಾ? ದಾವಣಗೆರೆಯ ಪ್ರೆಸ್ಸಿಗೆ ಸರ್ವರ್ ಕಟ್ಟಿದ ವಿವರ

ಎರಡು ಹಳೇ ಇಂಟೆಲ್ ಜಿಯಾನ್ ಇ5-2680 ವಿ4 ಪ್ರೊಸೆಸರ್ ಒಂದೇ ಬೋರ್ಡಿನಲ್ಲಿ ಹಾಕಿಕೊಳ್ಳೋದು ಒಳ್ಳೆಯದೋ, ಇಲ್ಲಾ ಒಂದೇ ಒಂದು ಎಎಂಡಿ ಎಪಿಕ್ 7302ಪಿ ಸಾಕೋ? ಸೆಕೆಂಡ್ ಹ್ಯಾಂಡ್ ಸರ್ವರ್ ಕೊಳ್ಳಲು ಹೊರಟವರಲ್ಲಿ ಬಹಳ ಜನ ಈ ಪ್ರಶ್ನೆಗೇ ಬಂದು ನಿಲ್ಲುತ್ತಾರೆ. ನನಗೆ ಎರಡನ್ನೂ ಒಂದೇ ಮೇಜಿನ ಮೇಲೆ ಇಟ್ಟು, ಒಂದೇ ಕೆಲಸ ಕೊಟ್ಟು, ಗೋಡೆಯ ಪ್ಲಗ್ಗಿಗೆ ಮೀಟರ್ ಹಾಕಿ ನೋಡುವ ಅವಕಾಶ ಸಿಕ್ಕಿತು. ಅದನ್ನು ಇಲ್ಲಿ ಬರೆಯುತ್ತಿದ್ದೇನೆ. ದೊಡ್ಡ ಕಂಪನಿಗೆ ಇದು ಉಪಯೋಗ ಇಲ್ಲ. ಸ್ವಂತ ದುಡ್ಡಲ್ಲಿ, ಸಣ್ಣ ಕೋಣೆಯಲ್ಲಿ, ಇನ್ವರ್ಟರ್ ಮೇಲೆ ಸರ್ವರ್ ಓಡಿಸುವವರಿಗೆ ಇದೆ.

ಮೊದಲು ಕೆಲಸ ಏನು ಅಂತ ಹೇಳಬೇಕು, ಇಲ್ಲದಿದ್ದರೆ ಮುಂದಿನ ಯಾವ ಅಂಕಿಗೂ ಅರ್ಥ ಇರೋದಿಲ್ಲ. ನಮ್ಮ ಸೋದರಮಾವನ ಪ್ರೆಸ್ ಇರುವುದು ದಾವಣಗೆರೆಯ ಮಂಡಿಪೇಟೆಯ ಒಂದು ಗಲ್ಲಿಯಲ್ಲಿ. ಮದುವೆ ಕಾರ್ಡು, ಬಿಲ್ ಬುಕ್ಕು, ಜಾತ್ರೆ ಕರಪತ್ರ, ಚುನಾವಣೆ ಬಂದರೆ ಹ್ಯಾಂಡ್‌ಬಿಲ್ಲು. ಮೇಲಿನ ಅಟ್ಟದಲ್ಲಿ ಮಾತ್ರ ಬೇರೆಯೇ ಆಸ್ತಿ ಇದೆ. ಮೊಳೆ ಜೋಡಿಸಿ ಅಚ್ಚು ಹಾಕುತ್ತಿದ್ದ ಕಾಲದಿಂದ ಇವತ್ತಿನವರೆಗೆ ಅಲ್ಲಿ ಮುದ್ರಣ ಆದದ್ದರ ಒಂದೊಂದು ಪ್ರತಿಯನ್ನು ಬೈಂಡ್ ಮಾಡಿ ಇಟ್ಟಿದ್ದಾರೆ: ಸ್ಥಳೀಯ ವಾರಪತ್ರಿಕೆ, ಸಹಕಾರ ಸಂಘಗಳ ವರದಿ, ಶಾಲೆಗಳ ಸ್ಮರಣ ಸಂಚಿಕೆ, ಹತ್ತಿ ಗಿರಣಿ ಕಾಲದ ಕಾರ್ಮಿಕರ ನೋಟೀಸು. ಇದೆಲ್ಲ ಬೇರೆ ಎಲ್ಲೂ ಸಿಗೋದಿಲ್ಲ. ಒಂದು ಮಳೆಗಾಲದಲ್ಲಿ ಅಟ್ಟ ಸೋರಿದರೆ ಮುಗಿಯಿತು. ಹಾಗಾಗಿ ಎಲ್ಲವನ್ನೂ ಸ್ಕ್ಯಾನ್ ಮಾಡಿ, ಅಕ್ಷರ ಓದಿಸಿ, ಊರಿನ ಹೆಸರು ಕೊಟ್ಟರೆ ಪುಟ ಎದ್ದು ಬರುವಂತೆ ಮಾಡಬೇಕು ಅಂತ ನಾವಿಬ್ಬರೂ ನಿರ್ಧಾರ ಮಾಡಿದೆವು. ಸುದ್ದಿ ತಿಳಿದು ಹರಿಹರದ ಪರಿಚಯದವರೂ ತಮ್ಮ ಕಟ್ಟುಗಳನ್ನು ತಂದುಕೊಟ್ಟರು. ಪುಟಗಳ ಲೆಕ್ಕ ಲಕ್ಷ ದಾಟಿತು.

ಅಕ್ಷರ ಓದಲು ಬಳಸಿದ್ದು ಟೆಸೆರಾಕ್ಟ್. ಎಚ್‌ಪಿ ಕಂಪನಿ 1985ರಲ್ಲಿ ಶುರು ಮಾಡಿ, 2005ರಲ್ಲಿ ಎಲ್ಲರಿಗೂ ಮುಕ್ತವಾಗಿ ಬಿಟ್ಟ ತಂತ್ರಾಂಶ ಅದು. 2018ರ 4ನೇ ಆವೃತ್ತಿಯಲ್ಲಿ ನ್ಯೂರಲ್ ನೆಟ್‌ವರ್ಕ್ ಬಂದ ಮೇಲೆ ಕನ್ನಡವನ್ನೂ ಕೆಲಸಕ್ಕೆ ಬರುವಷ್ಟು ಚೆನ್ನಾಗಿ ಓದುತ್ತದೆ. ಆದರೆ ಕನ್ನಡದ ಹಳೇ ಅಚ್ಚು ಅದಕ್ಕೆ ಸುಲಭದ ತುತ್ತಲ್ಲ. ಒತ್ತಕ್ಷರ ಸಾಲಿನ ಕೆಳಗೆ ಇಳಿಯುತ್ತೆ. ಸಾಲುಗಳ ನಡುವೆ ಜಾಗ ಉಳಿಸಿ ಕಾಗದ ಉಳಿಸಿದ ಕಾಲ ಅದು, ಮೇಲಿನ ಸಾಲಿನ ‘ತ್ತ’ದ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗಿಕೊಂಡಿರುತ್ತದೆ. ಸವೆದ ಮೊಳೆಯಲ್ಲಿ ‘ಪ’ ಮತ್ತು ‘ವ’ ಒಂದೇ ಥರ ಕಾಣುತ್ತವೆ. ಅದಕ್ಕೇ ಪ್ರತಿ ಪುಟವನ್ನು ಮೊದಲು ನೆಟ್ಟಗೆ ಮಾಡಿ, ಕಲೆ ತೆಗೆದು, ಕಾಲಂ ಬೇರ್ಪಡಿಸಿ, ಆಮೇಲೆ ಎರಡು ಬಗೆಯಲ್ಲಿ ಓದಿಸಿ, ಎರಡನ್ನೂ ಹೋಲಿಸುವಂತೆ ಸ್ಕ್ರಿಪ್ಟ್ ಬರೆದೆ. ಇಷ್ಟೆಲ್ಲ ಆಗುವಾಗ ದೊಡ್ಡ ಪತ್ರಿಕೆಯ ಒಂದು ಪುಟಕ್ಕೆ ಒಂದು ಕೋರ್, ಅಂದರೆ ಪ್ರೊಸೆಸರ್ ಒಳಗೆ ಲೆಕ್ಕ ಮಾಡುವ ಒಂದು ಘಟಕ, ನಿಮಿಷದ ಹತ್ತಿರ ದುಡಿಯುತ್ತದೆ. ಸೆಟ್ಟಿಂಗ್ ಬದಲಾಯಿಸಿದಾಗೆಲ್ಲ ಎಲ್ಲ ಪುಟಗಳನ್ನೂ ಮತ್ತೆ ಓಡಿಸಬೇಕು. ಪ್ರೆಸ್ಸಿನ ಡಿಟಿಪಿ ಕಂಪ್ಯೂಟರ್‌ನಲ್ಲಿ ಇದು ಆಗುವ ಮಾತಲ್ಲ.

ಇನ್ನು ಪ್ರೊಸೆಸರ್‌ಗಳ ವಿಷಯ. ಇ5-2680 ವಿ4 ಬಂದದ್ದು 2016ರಲ್ಲಿ. 14 ಕೋರ್, 28 ಥ್ರೆಡ್ (ಒಂದು ಕೋರ್ ಒಟ್ಟಿಗೆ ಹಿಡಿಯುವ ಕೆಲಸದ ಎಳೆ, ಕೋರ್‌ಗೆ ಎರಡು), ಮೂಲ ವೇಗ 2.4 ಗಿಗಾಹರ್ಟ್ಸ್, ಟರ್ಬೋ ಅಥವಾ ಬೂಸ್ಟ್ ಅನ್ನುವ ಗರಿಷ್ಠ ವೇಗ 3.3, ಕ್ಯಾಶ್ (ಚಿಪ್ಪಿನ ಒಳಗಿನ ವೇಗದ ಮೆಮೊರಿ) 35 ಎಂಬಿ, 120 ವ್ಯಾಟ್. ಎಲ್ಲ ಕೋರ್‌ಗಳಿಗೂ ಕೆಲಸ ಕೊಟ್ಟರೆ ವೇಗ 2.9ರ ಹತ್ತಿರ ನಿಲ್ಲುತ್ತೆ. ಎಪಿಕ್ 7302ಪಿ ಬಂದದ್ದು 2019ರಲ್ಲಿ. 16 ಕೋರ್, 32 ಥ್ರೆಡ್, ಮೂಲ ವೇಗ 3.0, ಬೂಸ್ಟ್ 3.3, ಕ್ಯಾಶ್ 128 ಎಂಬಿ, 155 ವ್ಯಾಟ್. ಹೆಸರಿನ ಕೊನೆಯ ‘ಪಿ’ ಇದ್ದರೆ ಅದು ಒಂಟಿ ಸಾಕೆಟ್ (ಪ್ರೊಸೆಸರ್ ಕೂರುವ ಜಾಗ) ಇರುವ ಬೋರ್ಡಿಗೆ ಮಾತ್ರ. ಜೋಡಿ ಜಿಯಾನ್ ಅಂದರೆ ಒಟ್ಟು 28 ಕೋರ್, 240 ವ್ಯಾಟ್. ಕಾಗದದ ಮೇಲೆ 28 ಎದುರಿಗೆ 16. ಇಷ್ಟು ನೋಡಿ ಜಿಯಾನೇ ಗೆದ್ದಿತು ಅನ್ನಿಸುತ್ತೆ ಅಲ್ವಾ? ಆದರೆ ಎಪಿಕ್‌ನ ಒಂದೊಂದು ಕೋರ್ ಒಂದೇ ಗಿಗಾಹರ್ಟ್ಸ್‌ನಲ್ಲಿ ಜಿಯಾನ್‌ಗಿಂತ ಜಾಸ್ತಿ ಕೆಲಸ ಮಾಡುತ್ತದೆ, ಮತ್ತೆ ಎಲ್ಲ ಕೋರ್ ದುಡಿಯುವಾಗಲೂ 3.3ರ ಹತ್ತಿರವೇ ಇರುತ್ತದೆ.

ಬೆಲೆಯ ಕಥೆ ಇನ್ನೂ ಸ್ವಾರಸ್ಯ. ಬಿಡುಗಡೆಯಾದಾಗ ಜಿಯಾನ್‌ನ ಪಟ್ಟಿ ಬೆಲೆ ಒಂದಕ್ಕೇ 1,745 ಡಾಲರ್. ಎಪಿಕ್‌ನದು 825 ಡಾಲರ್. ಈಗ ಹಳೇ ಮಾರುಕಟ್ಟೆಯಲ್ಲಿ ಇದು ತಲೆಕೆಳಗಾಗಿದೆ. ಡೇಟಾ ಸೆಂಟರ್‌ಗಳಿಂದ ಜಿಯಾನ್ ವಿ4 ರಾಶಿ ರಾಶಿಯಾಗಿ ಹೊರಬಿದ್ದು, ಬಿಡಿ ಚಿಪ್ ಕೆಲವೇ ಸಾವಿರಕ್ಕೆ ಸಿಗುತ್ತದೆ. ಎಪಿಕ್ ಚಿಪ್ ಅದಕ್ಕಿಂತ ಎಷ್ಟೋ ಪಟ್ಟು. ಆದರೂ ಚಿಪ್ಪಿನ ಬೆಲೆಯನ್ನೇ ನೋಡುತ್ತಾ ಕೂತರೆ ಲೆಕ್ಕ ತಪ್ಪುತ್ತದೆ. ದುಡ್ಡು ಹೋಗುವುದು ಬೋರ್ಡಿಗೆ ಮತ್ತು ರ್‍ಯಾಮ್‌ಗೆ. ಜಿಯಾನ್‌ಗೆ ಬಿಡಿ ಬೋರ್ಡ್ ಹುಡುಕುವ ಗೋಜೇ ಬೇಡ, ಎರಡು ಸಾಕೆಟ್ ಇರುವ ಇಡೀ ವರ್ಕ್‌ಸ್ಟೇಷನ್ ಬೆಂಗಳೂರಿನ ಎಸ್‌ಪಿ ರೋಡ್‌ನಲ್ಲಿ ಪೆಟ್ಟಿಗೆ, ಪವರ್ ಸಪ್ಲೈ, ಕೂಲರ್ ಸಮೇತ ಸಿಗುತ್ತೆ. ನಮಗೆ 64 ಜಿಬಿ ರ್‍ಯಾಮ್ ಸೇರಿ ಸುಮಾರು 46,000ಕ್ಕೆ ಬಂತು. ಎಪಿಕ್ ಕಟ್ಟುವಾಗ ಚಿಪ್, ಬೋರ್ಡ್, ಎಂಟು ರ್‍ಯಾಮ್ ಕಡ್ಡಿ, ಕೂಲರ್, ಪವರ್ ಸಪ್ಲೈ ಎಲ್ಲ ಬಿಡಿಬಿಡಿಯಾಗಿ ಕೊಂಡು 96,000 ದಾಟಿತು. ಅದರಲ್ಲಿ ಚಿಪ್ಪಿನ ಪಾಲು ಆರರಲ್ಲಿ ಒಂದು ಭಾಗ ಅಷ್ಟೇ. ಎಪಿಕ್ ನನ್ನದು, ವಿದ್ಯಾನಗರದ ಮನೆಯಲ್ಲಿ ಡೇಟಾಬೇಸ್ ಕೆಲಸಕ್ಕೆ ಕಟ್ಟಿಕೊಂಡದ್ದು. ಜಿಯಾನ್ ಮಾವನ ದುಡ್ಡಿನದು.

ಜಿಯಾನ್ ಪಾರ್ಸೆಲ್ ಲಾರಿಯಲ್ಲಿ ಬಂತು. ಮುಚ್ಚಳ ತೆಗೆದರೆ ಮೊದಲು ಕಂಡದ್ದು ಕೂಲರ್‌ನ ರೆಕ್ಕೆಗಳ ನಡುವೆ ಕಂಬಳಿ ಹಾಸಿದ ಹಾಗೆ ಕೂತಿದ್ದ ಧೂಳು. ಬ್ಲೋವರ್ ಹಿಡಿಯುವ ಮೊದಲು ಫ್ಯಾನ್ ರೆಕ್ಕೆಯನ್ನು ಬೆರಳಿನಿಂದ ಹಿಡಿದುಕೊಳ್ಳಿ, ಗಾಳಿಗೆ ಜೋರಾಗಿ ತಿರುಗಿದರೆ ಬೇರಿಂಗ್ ಹಾಳಾಗುತ್ತದೆ. ಎರಡೂ ಕೂಲರ್ ಬಿಚ್ಚಿದೆ. ಥರ್ಮಲ್ ಪೇಸ್ಟ್ ಒಣಗಿ ಸುಣ್ಣದ ಹಕ್ಕಳೆ ಥರ ಏಳುತ್ತಿತ್ತು. ಐಸೋಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಿ ಹೊಸದು ಹಾಕಿದ ಮೇಲೆ ಪೂರ್ತಿ ಲೋಡ್‌ನಲ್ಲಿ ಬಿಸಿ ಹತ್ತು ಡಿಗ್ರಿಗಿಂತ ಜಾಸ್ತಿ ಇಳಿಯಿತು. ಹಳೇ ಸರ್ವರ್ ತಂದವರು ಬೇರೆ ಏನು ಮಾಡದಿದ್ದರೂ ಇದೊಂದು ಮಾಡಿ. ಬಯೋಸ್ (ಯಂತ್ರ ಆನ್ ಆದಾಗ ಮೊದಲು ಓಡುವ ತಂತ್ರಾಂಶ) ಬ್ಯಾಟರಿ ಸತ್ತಿತ್ತು, ಯಾವ ವಾಚ್ ಅಂಗಡಿಯಲ್ಲೂ ಸಿಗುವ 2032 ನಾಣ್ಯದ ಸೆಲ್ ಅದು.

ಮುಖ್ಯ ತೊಂದರೆ ರ್‍ಯಾಮ್‌ನಲ್ಲಿತ್ತು. 8 ಜಿಬಿಯ ಎಂಟು ಕಡ್ಡಿಗಳನ್ನು ಮಾರಿದವರು ಸಿಕ್ಕ ಸಿಕ್ಕ ಸ್ಲಾಟ್‌ಗೆ ತುರುಕಿದ್ದರು, ಒಂದು ಪ್ರೊಸೆಸರ್ ಬದಿಗೆ ಆರು, ಇನ್ನೊಂದಕ್ಕೆ ಎರಡು. ಈ ಜಿಯಾನ್‌ಗೆ ನಾಲ್ಕು ಮೆಮೊರಿ ಚಾನೆಲ್, ಅಂದರೆ ಪ್ರೊಸೆಸರ್ ಮತ್ತು ರ್‍ಯಾಮ್ ನಡುವಿನ ದಾರಿ, ಇವೆ, ಡಿಡಿಆರ್4-2400 ರ್‍ಯಾಮ್ ನಾಲ್ಕರಲ್ಲೂ ಇದ್ದರೆ ಸೆಕೆಂಡಿಗೆ 76.8 ಜಿಬಿ ಸಾಗಿಸುವ ಸಾಮರ್ಥ್ಯ. ಎರಡೇ ಕಡ್ಡಿ ಇದ್ದರೆ ಅರ್ಧ. ಸಾಲದ್ದಕ್ಕೆ ತನ್ನ ಬದಿಯಲ್ಲಿ ಜಾಗ ಮುಗಿದರೆ ಎರಡನೇ ಪ್ರೊಸೆಸರ್ ಪಕ್ಕದವನ ಮೆಮೊರಿಯಿಂದ ಕ್ಯೂಪಿಐ ಕೊಂಡಿ ದಾಟಿ ತರಿಸಿಕೊಳ್ಳಬೇಕು. ಬೋರ್ಡಿನ ಮೇಲೆ ಅಚ್ಚಾಗಿರುವ ಸ್ಲಾಟ್ ಹೆಸರು ನೋಡಿ ಒಂದೊಂದು ಬದಿಗೆ ನಾಲ್ಕು, ಒಂದೊಂದು ಚಾನೆಲ್‌ಗೆ ಒಂದು ಅಂತ ಸರಿ ಮಾಡಿದೆ. ಒಂದು ರೂಪಾಯಿ ಖರ್ಚಿಲ್ಲದೆ ಯಂತ್ರದ ಓಟವೇ ಬದಲಾಯಿತು. ಜೋಡಿ ಸಾಕೆಟ್ ಯಂತ್ರ ಕೊಂಡವರು ಬೆಂಚ್‌ಮಾರ್ಕ್ ಓಡಿಸುವ ಮೊದಲು ಇದನ್ನು ನೋಡಲೇಬೇಕು. ಎಷ್ಟೋ ಕಡೆ ಜಿಯಾನ್ ನಿಧಾನ ಅಂತ ಜನ ಬೈಯುವುದಕ್ಕೆ ಇದೇ ಕಾರಣ ಇರಬಹುದು ಅಂತ ನನ್ನ ಅನುಮಾನ.

ಎಪಿಕ್ ಕೊಳ್ಳುವಾಗಿನ ಎಚ್ಚರಿಕೆ ಬೇರೆ. ಕೆಲವು ಬ್ರ್ಯಾಂಡೆಡ್ ಸರ್ವರ್‌ಗಳಲ್ಲಿ ಮೊದಲ ಸಲ ಆನ್ ಮಾಡಿದಾಗಲೇ ಪ್ರೊಸೆಸರ್ ಒಳಗಿನ ಫ್ಯೂಸ್ ಸುಟ್ಟು ಆ ಕಂಪನಿಯ ಬೋರ್ಡಿಗೇ ಬೀಗ ಬೀಳುತ್ತೆ. ಭದ್ರತೆಗೆ ಅಂತ ಮಾಡಿದ ವ್ಯವಸ್ಥೆ ಅದು. ಆಮೇಲೆ ಆ ಚಿಪ್ ತಂದು ಬೇರೆ ಬೋರ್ಡಿಗೆ ಹಾಕಿದರೆ ಆನ್ ಆಗಲ್ಲ, ಬಿಡಿಸುವ ದಾರಿಯೂ ಇಲ್ಲ. ‘ಲಾಕ್ ಆಗಿಲ್ಲ’ ಅಂತ ಬರವಣಿಗೆಯಲ್ಲಿ ಕೊಡುವ ಮಾರಾಟಗಾರರ ಹತ್ತಿರ ಮಾತ್ರ ತೆಗೆದುಕೊಳ್ಳಿ. ತೀರಾ ಅಗ್ಗ ಕಂಡರೆ ಮೊದಲು ಕೇಳಬೇಕಾದ ಪ್ರಶ್ನೆ ಇದು. ಇನ್ನೊಂದು, 7282 ಅಂತ ಒಂದು ಮಾದರಿ ಇದೆ. ಅದೂ 16 ಕೋರ್, ಬೆಲೆ ಕಡಿಮೆ, 120 ವ್ಯಾಟ್. ಆಸೆ ಹುಟ್ಟಿಸುತ್ತದೆ. ಆದರೆ ಕ್ಯಾಶ್ ಅರ್ಧ, 64 ಎಂಬಿ. ಮೆಮೊರಿ ದಾರಿಯೂ ಕಿರಿದು: 7302ಪಿ ಎಂಟು ಚಾನೆಲ್‌ನಲ್ಲಿ ಸೆಕೆಂಡಿಗೆ 204.8 ಜಿಬಿ ತನಕ ಹೋದರೆ, 7282ನ ಮಿತಿ 85.3. ಡೇಟಾಬೇಸ್ ಕೆಲಸಕ್ಕೆ ನನಗೆ ಅದು ಬೇಡ ಅನ್ನಿಸಿತು.

ಎಪಿಕ್ ಕೂರಿಸುವುದೇ ಒಂದು ಶಾಸ್ತ್ರ. ಎಸ್‌ಪಿ3 ಸಾಕೆಟ್‌ನಲ್ಲಿ 4,094 ಸಂಪರ್ಕ ಬಿಂದುಗಳಿವೆ. ಚಿಪ್ಪನ್ನು ಕೈಯಲ್ಲಿ ಇಡುವ ಹಾಗಿಲ್ಲ, ಅದರ ಪ್ಲಾಸ್ಟಿಕ್ ಚೌಕಟ್ಟನ್ನು ಹಳಿಯೊಳಗೆ ಜಾರಿಸಬೇಕು, ಟಕ್ ಅನ್ನುವ ತನಕ. ಆಮೇಲೆ ಚೌಕಟ್ಟು ಇಳಿಸಿ, ಮೇಲಿನ ಲೋಹದ ಮುಚ್ಚಳದ ಮೂರು ಸ್ಕ್ರೂಗಳನ್ನು ಅದರ ಪಕ್ಕದಲ್ಲೇ ಬರೆದಿರುವ 1, 2, 3ರ ಕ್ರಮದಲ್ಲಿ ಬಿಗಿ ಮಾಡಬೇಕು. ಬಿಚ್ಚುವಾಗ 3, 2, 1. ಬಿಗಿ 1.5 ನ್ಯೂಟನ್ ಮೀಟರ್ ಆಸುಪಾಸು, ಅದಕ್ಕೆ ಅಳತೆ ಇರುವ ಟಾರ್ಕ್ ಸ್ಕ್ರೂಡ್ರೈವರ್ ಬೇಕು. ಅಂದಾಜಿನ ಮೇಲೆ ತಿರುಗಿಸಿದರೆ ಒಂದು ಮೂಲೆಯಲ್ಲಿ ಒತ್ತಡ ಸಾಲದೆ ಯಾವುದೋ ಒಂದು ಮೆಮೊರಿ ಚಾನೆಲ್ ಕಾಣೆಯಾಗುತ್ತದೆ, ಮತ್ತು ಜನ ರ್‍ಯಾಮ್ ಕೆಟ್ಟಿದೆ ಅಂದುಕೊಂಡು ಅದನ್ನು ವಾಪಸ್ ಕಳಿಸುತ್ತಾರೆ. ಎಂಟು ಕಡ್ಡಿ ಹಾಕಿ ಏಳೇ ತೋರಿಸಿದರೆ ಮೊದಲು ಸಾಕೆಟ್ ನೋಡಿ. ಮೊದಲ ಬೂಟ್‌ಗೆ ಪರದೆ ಕಪ್ಪಗೇ ಇರುತ್ತೆ, ಕೆಲವು ನಿಮಿಷ ಅಲ್ಲಾಡದೆ ಕಾಯಬೇಕು. ಮೆಮೊರಿ ಹೊಂದಿಸಿಕೊಳ್ಳುತ್ತಿರುತ್ತದೆ.

ಎರಡರಲ್ಲೂ ಒಂದೇ ಡೆಬಿಯನ್ ಲಿನಕ್ಸ್, ಒಂದೇ ಟೆಸೆರಾಕ್ಟ್, ಒಂದೇ ಮಾದರಿಯ ಎಸ್‌ಎಸ್‌ಡಿ. ಇಲ್ಲಿ ಒಂದು ಸೆಟ್ಟಿಂಗ್ ಬಗ್ಗೆ ಹೇಳದೆ ಮುಂದೆ ಹೋಗಲಾರೆ. ಟೆಸೆರಾಕ್ಟ್ ತನ್ನಷ್ಟಕ್ಕೆ ಬಿಟ್ಟರೆ ಒಂದು ಪುಟಕ್ಕೆ ನಾಲ್ಕು ಥ್ರೆಡ್ ತನಕ ಎಬ್ಬಿಸುತ್ತದೆ. ಒಂದು ಪುಟ ಓದಿಸುವಾಗ ಅದು ಸರಿ. 50 ಪುಟ ಒಟ್ಟಿಗೆ ಬಿಟ್ಟರೆ 200 ಥ್ರೆಡ್ ಒಂದರ ಕಾಲು ಇನ್ನೊಂದು ತುಳಿಯುತ್ತಾ ನಿಲ್ಲುತ್ತವೆ. ಎಲ್ಲ ಕೋರ್ 100 ಪರ್ಸೆಂಟ್ ತೋರಿಸುತ್ತೆ, ಪುಟ ಮಾತ್ರ ಹೊರಗೆ ಬರಲ್ಲ. ಥ್ರೆಡ್ ಎಬ್ಬಿಸುವ ಓಪನ್‌ಎಂಪಿ ಅನ್ನುವ ವ್ಯವಸ್ಥೆಯ ಥ್ರೆಡ್ ಮಿತಿಯನ್ನು 1ಕ್ಕೆ ಇಳಿಸಿ, ಒಂದು ಥ್ರೆಡ್‌ಗೆ ಒಂದು ಪುಟ ಅಂತ ಪ್ಯಾರಲಲ್ ಆಗಿ ಬಿಡಬೇಕು. ಇಷ್ಟು ಮಾಡಿದ್ದರಿಂದ ಸಿಕ್ಕ ಲಾಭ ಪ್ರೊಸೆಸರ್ ಬದಲಾಯಿಸಿದ್ದರಿಂದ ಸಿಕ್ಕಿದ್ದಕ್ಕಿಂತ ದೊಡ್ಡದು.

ಈಗ ಫಲಿತಾಂಶ. ಒಂದೇ ಪುಟವನ್ನು ಒಂದೇ ಕೋರ್‌ನಲ್ಲಿ ಓದಿಸಿದರೆ ಜಿಯಾನ್ ಸುಮಾರು 70 ಸೆಕೆಂಡ್, ಎಪಿಕ್ ಸುಮಾರು 54. ಟರ್ಬೋ ಇಬ್ಬರದೂ 3.3 ಆದ್ದರಿಂದ ಈ ಅಂತರ ಪೂರ್ತಿ ಕೋರ್‌ನ ಒಳಗಿನ ವಿನ್ಯಾಸದ್ದು ಮತ್ತು ಕ್ಯಾಶ್‌ನದ್ದು. ಎಲ್ಲ ಥ್ರೆಡ್ ತುಂಬಿಸಿ ಓಡಿಸಿದಾಗ ಜೋಡಿ ಜಿಯಾನ್ ಗಂಟೆಗೆ 1,400 ಪುಟದ ಆಸುಪಾಸು, ಎಪಿಕ್ 1,300ರ ಆಸುಪಾಸು. 28 ಕೋರ್ ಎದುರು 16 ಕೋರ್ ಇಷ್ಟು ಹತ್ತಿರ ಬಂದು ನಿಂತದ್ದು ನೋಡಿ ನನಗೆ ನಿಜಕ್ಕೂ ಖುಷಿಯಾಯಿತು. ಲಕ್ಷ ಪುಟಕ್ಕೆ ಲೆಕ್ಕ ಹಾಕಿದರೆ ಒಂದಕ್ಕೆ 71 ಗಂಟೆ, ಇನ್ನೊಂದಕ್ಕೆ 77. ರಾತ್ರಿ ಬಿಟ್ಟು ಮಲಗುವವರಿಗೆ ಇದು ವ್ಯತ್ಯಾಸವೇ ಅಲ್ಲ.

ಹಳೇ ಮೊಳೆಯ ಅಕ್ಷರಗಳಿಗೆ ಟೆಸೆರಾಕ್ಟ್‌ಗೆ ಹೆಚ್ಚುವರಿ ಪಾಠ ಹೇಳಿಕೊಡುವ ಕೆಲಸವೂ ಇತ್ತು. ಮಾವ ಕನ್ನಡಕ ಏರಿಸಿ, ಸಾಲು ಸಾಲಾಗಿ ಸರಿಯಾದ ಪಠ್ಯ ಟೈಪ್ ಮಾಡಿಸಿದರು. ಅವರ ಕಣ್ಣು ಇಲ್ಲದಿದ್ದರೆ ಆ ಸವೆದ ‘ಪ’, ‘ವ’ ಬಿಡಿಸಲು ಯಾವ ಪ್ರೊಸೆಸರ್‌ನಿಂದಲೂ ಆಗುತ್ತಿರಲಿಲ್ಲ. ಈ ಕಲಿಕೆ ಜಿಪಿಯು (ಗ್ರಾಫಿಕ್ಸ್ ಚಿಪ್) ಮೇಲೆ ಓಡೋದಿಲ್ಲ, ಪ್ರೊಸೆಸರ್‌ನಲ್ಲೇ ಆಗಬೇಕು, ಅದೂ ಕೆಲವೇ ಥ್ರೆಡ್‌ಗಳಲ್ಲಿ. ಇಲ್ಲಿ 28 ಕೋರ್ ಇದ್ದೂ ಸುಮ್ನೆ ಕೂತಿರುತ್ತವೆ. ಎಪಿಕ್ ಇಲ್ಲಿ ಸಲೀಸಾಗಿ ಮುಂದೆ ಹೋಯಿತು, ಜಿಯಾನ್ ನಾಲ್ಕು ಗಂಟೆ ತೆಗೆದುಕೊಂಡದ್ದನ್ನು ಇದು ಮೂರು ಗಂಟೆಯಲ್ಲಿ ಮುಗಿಸುವ ಹಾಗೆ. ಹಾಗಾಗಿ ಕಲಿಸುವುದನ್ನು ಎಪಿಕ್‌ನಲ್ಲಿ ಮಾಡಿ, ಕಲಿತ ಕಡತವನ್ನು ಜಿಯಾನ್‌ಗೆ ಸಾಗಿಸಿದೆ.

ಕರೆಂಟ್ ನೋಡೋಣ. ಗೋಡೆಯ ಮೀಟರ್‌ನಲ್ಲಿ ಪೂರ್ತಿ ಲೋಡ್ ಇದ್ದಾಗ ಜಿಯಾನ್ ಯಂತ್ರ 340 ವ್ಯಾಟ್ ಹತ್ತಿರ, ಎಪಿಕ್ 210ರ ಹತ್ತಿರ. ಅಂದರೆ ಒಂದು ಯೂನಿಟ್ ಕರೆಂಟಿಗೆ ಜಿಯಾನ್ 4,100 ಪುಟ ಓದಿದರೆ ಎಪಿಕ್ 6,200 ಓದುತ್ತದೆ. ಸುಮ್ಮನೆ ಆನ್ ಇದ್ದಾಗ ಮಾತ್ರ ಎಪಿಕ್ ನನ್ನ ನಿರೀಕ್ಷೆಯಷ್ಟು ಕಡಿಮೆ ಎಳೆಯಲಿಲ್ಲ, ಜಿಯಾನ್ 95, ಎಪಿಕ್ 80. ಕಾರಣ ಇದೆ. ಎಪಿಕ್‌ನ ಕೋರ್‌ಗಳು 7 ನ್ಯಾನೋಮೀಟರ್‌ನವು, ಆದರೆ ಅವನ್ನೆಲ್ಲ ಜೋಡಿಸುವ ನಡುವಿನ ದೊಡ್ಡ ಐಒ ಚಿಪ್ ಹಳೇ, ಜಾಸ್ತಿ ಕರೆಂಟ್ ಬೇಡುವ 14 ನ್ಯಾನೋಮೀಟರ್‌ನದು. ಎಂಟು ಮೆಮೊರಿ ಚಾನೆಲ್, 128 ಪಿಸಿಐಇ ಲೇನ್ (ಡಿಸ್ಕ್, ಕಾರ್ಡ್‌ಗಳಿಗೆ ಹೋಗುವ ದಾರಿ) ಎಲ್ಲ ಅದರ ಹೆಗಲ ಮೇಲೆ. ಕೋರ್ ಮಲಗಿದರೂ ಅದು ಮಲಗೋದಿಲ್ಲ. ಎಪಿಕ್ ಹಾಕಿದರೆ ಕರೆಂಟ್ ಬಿಲ್ ಅರ್ಧ ಆಗುತ್ತೆ ಅಂತ ಯಾರಾದರೂ ಹೇಳಿದರೆ, ದಿನಕ್ಕೆ ಎಷ್ಟು ಗಂಟೆ ಪೂರ್ತಿ ಲೋಡ್ ಇರುತ್ತೆ ಅಂತ ಅವರನ್ನೇ ಕೇಳಿ.

ಮಾವ ವ್ಯಾಪಾರಸ್ಥರು. ಇದನ್ನೆಲ್ಲ ಕೇಳಿ ಒಂದೇ ಮಾತು ಅಂದರು: “ಅಲ್ಲಪ್ಪಾ, ನಿನ್ನ ಮಿಷನ್ನಿಗೆ 50 ಸಾವಿರ ಜಾಸ್ತಿ ಹಾಕಿದ್ದೀಯಲ್ಲ, ಅದು ಕರೆಂಟಲ್ಲಿ ವಾಪಸ್ ಬರುತ್ತೇನು?”

“ಬರಲ್ಲ ಮಾವ. ಲೆಕ್ಕ ಹಾಕಿ ತೋರಿಸ್ತೀನಿ ಇರಿ.”

ಬಿಲ್ ಬುಕ್ಕಿನ ಹಿಂದೆಯೇ ಲೆಕ್ಕ ಬರೆದೆವು. ಯೂನಿಟ್‌ಗೆ 8 ರೂಪಾಯಿ ಅಂತ ಹಿಡಿಯಿರಿ. ವ್ಯತ್ಯಾಸ 130 ವ್ಯಾಟ್, ದಿನಕ್ಕೆ 10 ಗಂಟೆ, ಅಂದರೆ 1.3 ಯೂನಿಟ್, 10 ರೂಪಾಯಿ 40 ಪೈಸೆ. ವರ್ಷಕ್ಕೆ 300 ದಿನ ಓಡಿಸಿದರೂ 3,120 ರೂಪಾಯಿ. 50,000 ವಾಪಸ್ ಬರಲು 16 ವರ್ಷ ಬೇಕು. ದಿನದ 24 ಗಂಟೆ, ವರ್ಷದ 365 ದಿನ ಪೂರ್ತಿ ಲೋಡ್ ಕೊಟ್ಟರೂ ಐದೂವರೆ ವರ್ಷ. ಅಷ್ಟು ಹೊತ್ತಿಗೆ ಎರಡೂ ಗುಜರಿಯ ಹತ್ತಿರ ಬಂದಿರುತ್ತವೆ. ಬರೀ ದುಡ್ಡಿನ ಮಾತಾದರೆ, ಪುಟಕ್ಕೆ ಇಷ್ಟು ಅನ್ನುವ ಲೆಕ್ಕದಲ್ಲಿ ಜೋಡಿ ಜಿಯಾನ್ ಗೆದ್ದಿತು, ಅದರಲ್ಲಿ ಅನುಮಾನವೇ ಇಲ್ಲ. ಹಳೇ ಚಿಪ್ ಕರೆಂಟ್ ತಿನ್ನುತ್ತೆ ಅಂತ ಹೆದರಿಸುವವರು ಈ ಭಾಗಾಕಾರ ಮಾಡಿರೋದಿಲ್ಲ.

ಆದರೆ ದಾವಣಗೆರೆಯಲ್ಲಿ ವ್ಯಾಟ್ ಅನ್ನೋದು ಬಿಲ್ಲಿನಲ್ಲಿ ಮಾತ್ರ ಕಾಣುವ ವಸ್ತುವಲ್ಲ. ಇಲ್ಲಿನ ಏಪ್ರಿಲ್ ಗೊತ್ತಲ್ಲ, ಮಧ್ಯಾಹ್ನ 40ರ ಹತ್ತಿರ. ಯಂತ್ರ ಎಳೆದ 340 ವ್ಯಾಟ್ ಪೂರ್ತಿ ಅದೇ ಕೋಣೆಯಲ್ಲಿ ಶಾಖವಾಗಿ ಉಳಿಯುತ್ತದೆ. ಪ್ರೆಸ್ಸಿನ ಕೋಣೆ ದೊಡ್ಡದು, ಎತ್ತರದ ಛಾವಣಿ, ಎಕ್ಸಾಸ್ಟ್ ಫ್ಯಾನ್ ಇದೆ, ಹಾಗಾಗಿ ನಡೆಯುತ್ತದೆ. ನನ್ನ ಮನೆಯ ಕೋಣೆಯಲ್ಲಿ ಜಿಯಾನ್ ಇಟ್ಟು ಪರೀಕ್ಷೆ ಮಾಡಿದಾಗ ಸಂಜೆ ಹೊತ್ತಿಗೆ ಒಳಗೆ ಕೂರಲು ಆಗುತ್ತಿರಲಿಲ್ಲ, ಫ್ಯಾನಿನ ಸದ್ದಿಗೆ ಫೋನಿನಲ್ಲಿ ಮಾತಾಡಲೂ ಆಗುತ್ತಿರಲಿಲ್ಲ.

ಇನ್ನು ಲೈನ್ ಕೆಲಸಕ್ಕೆ ಅಂತ ಕರೆಂಟ್ ತೆಗೆಯುವ ದಿನಗಳು. 12 ವೋಲ್ಟ್, 150 ಆಂಪಿಯರ್ ಅವರ್ ಬ್ಯಾಟರಿಯಲ್ಲಿ ಲೆಕ್ಕಕ್ಕೆ 1,800 ವ್ಯಾಟ್ ಅವರ್ ಇದೆ. ಬ್ಯಾಟರಿ ಪೂರ್ತಿ ಬರಿದು ಮಾಡಬಾರದು, ಇನ್ವರ್ಟರ್‌ನ ನಷ್ಟ ಬೇರೆ. ಕೈಗೆ ಸಿಗೋದು 1,000 ಸ್ವಲ್ಪ ಮೇಲೆ. ಜಿಯಾನ್ ಪೂರ್ತಿ ಲೋಡ್‌ನಲ್ಲಿ ಮೂರು ಗಂಟೆ, ಎಪಿಕ್ ಐದು ಗಂಟೆ. ಯುಪಿಎಸ್‌ನಲ್ಲೂ ಅಷ್ಟೇ. ಅಂಗಡಿಯಲ್ಲಿ ಸಾಮಾನ್ಯವಾಗಿ ಕೊಡುವ 600 ವಿಎ ಯುಪಿಎಸ್ ಹೊರುವುದು 360 ವ್ಯಾಟ್. ಜಿಯಾನ್‌ಗೆ ಅದು ಕುತ್ತಿಗೆಗೆ ಬಂದ ಹಾಗೆ, ದೊಡ್ಡದೇ ಬೇಕು. ಇನ್ವರ್ಟರ್ ಪ್ಯೂರ್ ಸೈನ್ ವೇವ್ ಇರಲಿ. ಸರ್ವರ್‌ಗಳ ಪವರ್ ಸಪ್ಲೈನಲ್ಲಿ ಆಕ್ಟಿವ್ ಪಿಎಫ್‌ಸಿ (ಕರೆಂಟನ್ನು ಅಲೆಗೆ ಹೊಂದಿಸಿ ಎಳೆಯುವ ವ್ಯವಸ್ಥೆ) ಇರುತ್ತೆ, ಹಳೇ ಸ್ಕ್ವೇರ್ ವೇವ್ ಇನ್ವರ್ಟರ್‌ಗೆ ಬದಲಾಗುವ ಆ ಕ್ಷಣದಲ್ಲೇ ಕೆಲವು ಆಫ್ ಆಗಿಬಿಡುತ್ತವೆ. ಪ್ರೆಸ್ಸಿನಲ್ಲಿ ಲೈಟು ಫ್ಯಾನಿಗೆ ಇದ್ದ ಹಳೇ ಇನ್ವರ್ಟರ್ ಇದಕ್ಕೆ ಆಗಲಿಲ್ಲ, ಬೇರೆ ಹಾಕಿಸಬೇಕಾಯಿತು. ಆ ಖರ್ಚನ್ನೂ ಜಿಯಾನ್ ಖಾತೆಗೇ ಬರೆಯಿರಿ. ಬರೆದರೂ ಅದು ಎಪಿಕ್‌ನ ಬೆಲೆ ಮುಟ್ಟೋದಿಲ್ಲ.

ಹಾಗಿದ್ದರೆ ನಾನು ಎಪಿಕ್ ಯಾಕೆ ಇಟ್ಟುಕೊಂಡೆ? ನನ್ನ ಕೆಲಸ ಮುಗಿಯುವಂಥದ್ದಲ್ಲ. ವರ್ಷವಿಡೀ ಡೇಟಾಬೇಸ್ ಓಡಬೇಕು, ಒಂದೊಂದು ಪ್ರಶ್ನೆಗೂ ಉತ್ತರ ಬೇಗ ಬರಬೇಕು, ಅಲ್ಲಿ ಒಂದು ಕೋರ್‌ನ ವೇಗವೇ ಮುಖ್ಯ. ನಾಲ್ಕು ಎನ್‌ವಿಎಂಇ ಡಿಸ್ಕ್ (ಪಿಸಿಐಇ ಲೇನ್‌ಗೆ ನೇರ ಜೋಡಿಸುವ ವೇಗದ ಎಸ್‌ಎಸ್‌ಡಿ) ಒಟ್ಟಿಗೆ ಹಾಕಬೇಕಿತ್ತು. ಜಿಯಾನ್ ಒಂದೊಂದಕ್ಕೆ ಪಿಸಿಐಇ 3.0ದ 40 ಲೇನ್, ಎಪಿಕ್‌ಗೆ 4.0ದ 128. ನನ್ನ ಬೋರ್ಡಿಗೆ ಬಯೋಸ್ ಅಪ್‌ಡೇಟ್ ಮಾಡಿದರೆ ಮುಂದಿನ ಪೀಳಿಗೆಯ 7003 ಚಿಪ್ ಹಾಕಬಹುದು, 64 ಕೋರ್ ತನಕ ದಾರಿ ತೆರೆದಿದೆ. ಜಿಯಾನ್‌ನ 2011-3 ಸಾಕೆಟ್ ವಿ4ಗೇ ಕೊನೆ. ಇವೆಲ್ಲ ನನಗೆ ಬೇಕಾಗಿದ್ದವು, ಮಾವನಿಗೆ ಒಂದೂ ಬೇಕಿರಲಿಲ್ಲ. ಅವರಿಗೆ ಬೇಕಿದ್ದದ್ದು ಕೆಲವು ತಿಂಗಳು ಜೋರಾಗಿ ದುಡಿಯುವ ಕೋರ್‌ಗಳು, ಆಮೇಲೆ ಸದ್ದಿಲ್ಲದೆ ಹುಡುಕಿಕೊಡುವ ಒಂದು ಪೆಟ್ಟಿಗೆ. ಕೊಳ್ಳುವ ಮೊದಲು ನಿಮ್ಮ ಕೆಲಸ ಎಷ್ಟು ಕಾಲ ಪೂರ್ತಿ ಲೋಡ್‌ನಲ್ಲಿ ಇರುತ್ತೆ ಅನ್ನೋದನ್ನು ತಿಂಗಳ ಲೆಕ್ಕದಲ್ಲಿ ಬರೆದುಕೊಳ್ಳಿ. ನಾಲ್ಕಾರು ತಿಂಗಳಾದರೆ ಜಿಯಾನ್ ತನ್ನಿ, ಯೋಚನೆಯೇ ಬೇಡ.

ಈಗ ಓದಿಸುವ ಕೆಲಸ ಒಂದು ಹಂತಕ್ಕೆ ಬಂದಿದೆ. ಪ್ರೆಸ್ಸಿನ ಸರ್ವರ್ ಇನ್ನು ಹುಡುಕಾಟಕ್ಕೆ ಮಾತ್ರ. ಅದಕ್ಕೆ 14 ಕೋರ್‌ಗಳೇ ಹೆಚ್ಚು. ಹಾಗಾಗಿ ಎರಡನೇ ಜಿಯಾನ್ ತೆಗೆದುಬಿಟ್ಟೆ. ಇಲ್ಲಿ ಒಂದು ವಿಷಯ ಗಮನದಲ್ಲಿ ಇರಲಿ: ಎರಡನೇ ಪ್ರೊಸೆಸರ್ ತೆಗೆದರೆ ಅದರ ಬದಿಯ ರ್‍ಯಾಮ್ ಸ್ಲಾಟ್‌ಗಳು ಮತ್ತು ಕೆಲವು ಪಿಸಿಐಇ ಸ್ಲಾಟ್‌ಗಳೂ ಸಾಯುತ್ತವೆ. ಡಿಸ್ಕ್ ಕಾರ್ಡ್ ಆ ಸ್ಲಾಟ್‌ನಲ್ಲಿದ್ದರೆ ಮೊದಲೇ ಮೊದಲ ಪ್ರೊಸೆಸರ್ ಬದಿಗೆ ಸ್ಥಳಾಂತರ ಮಾಡಿ. ಉಳಿದ 32 ಜಿಬಿ ಹುಡುಕಾಟಕ್ಕೆ ಧಾರಾಳ. ಸುಮ್ಮನಿದ್ದಾಗಿನ ಬಳಕೆ 95ರಿಂದ 65 ವ್ಯಾಟ್‌ಗೆ ಇಳಿಯಿತು. ದಿನವಿಡೀ ಆನ್ ಇರುವ ಯಂತ್ರ ಆದ್ದರಿಂದ ವರ್ಷಕ್ಕೆ 2,100 ರೂಪಾಯಿ ಉಳಿತಾಯ, ಈಗ ಇದು ಎಪಿಕ್‌ಗಿಂತಲೂ ಕಡಿಮೆ ಎಳೆಯುತ್ತಿದೆ.

“ಬೇಕಾದರೆ ಮತ್ತೆ ಹಾಕಬಹುದೇನಪ್ಪಾ?” ಅಂತ ಕೇಳಿದರು ಮಾವ. ಹರಿಹರದಿಂದ ಇನ್ನೂ ಕಟ್ಟುಗಳು ಬರುವುದಿವೆ, ಅವರಿಗೆ ಅದರ ಚಿಂತೆ.

“ಅರ್ಧ ಗಂಟೆ ಕೆಲಸ ಮಾವ, ಬಂದು ಹಾಕಿಕೊಡ್ತೀನಿ.”

ಖಾಲಿ ಸಾಕೆಟ್ ಮೇಲೆ ಪ್ಲಾಸ್ಟಿಕ್ ಮುಚ್ಚಳ ಹಾಕದೆ ಮಾತ್ರ ಬಿಡಬೇಡಿ. ಆ 2,011 ಪಿನ್‌ಗಳು ಕೂದಲಿನಷ್ಟು ಸಣ್ಣ, ಮಂಡಿಪೇಟೆಯ ಧೂಳು ಕೂತ ಮೇಲೆ ಬಟ್ಟೆಯಲ್ಲಿ ಒರೆಸಲು ಹೋದರೆ ಬಾಗುತ್ತವೆ, ಬಾಗಿದರೆ ಬೋರ್ಡ್ ಹೋಯಿತು. ನಮ್ಮ ಯಂತ್ರದ ಜೊತೆ ಮುಚ್ಚಳ ಬಂದಿರಲಿಲ್ಲ, ಎಸ್‌ಪಿ ರೋಡ್‌ನಲ್ಲೇ ಬಿಡಿಯಾಗಿ ಸಿಕ್ಕಿತು. ಕೊಳ್ಳುವಾಗಲೇ ಕೇಳಿ ತೆಗೆದುಕೊಳ್ಳಿ.